ಗಾಡಿ ತುಂಬೇತಿ

ಭಾರತ ಹುಣ್ಣಿಮೆಯ ದಿನ ಹೊತ್ತು ಇಳಿದು, ಕೃಷ್ಣೆಯ ಮೇಲೆ ಹೊಗೆಯಂಥ ಮಂಜು ಕೂಡುವ ವೇಳೆ. ಗಲಗಲಿಯ ನಮ್ಮ ಓಣಿಗೆ ಹತ್ತು ಗಾಲಿಯ ಒಂದು ಲಾರಿ ಬಂತು. ಅದೇ ವೇಳೆಗೆ ನಮ್ಮ ಕುರಿಗಳೂ ಅಡವಿಯಿಂದ ತಿರುಗಿದ್ದವು. ಲಾರಿಯನ್ನು ಕಂಡು ಕುರಿ ನಿಂತವು, ಕುರಿಯನ್ನು ಕಂಡು ಲಾರಿ ನಿಂತಿತು. ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಬಹಳ ಹೊತ್ತು ತೀರ್ಮಾನವಾಗಲಿಲ್ಲ. ಕೊನೆಗೆ ಲಾರಿಯ ಬಾಗಿಲು ತೆರೆದು ಪಕ್ಕದ ಮನೆಯ ಪರಮಾನಂದ ಇಳಿದ. ಲಾರಿಗೆ ಹಾಕಿದ್ದಕ್ಕಿಂತ ದೊಡ್ಡ ಹಾರ ಅವನ ಕೊರಳಲ್ಲಿತ್ತು.

"ರೇವಪ್ಪಕಾಕಾ, ನಂದ ಗಾಡಿ" ಎಂದ.

"ಯಾರದು?" ಎಂದು ಕೇಳಿದೆ. ಇಪ್ಪತ್ತೆರಡು ವರ್ಷ ಅವನು ಈ ಓಣಿಗೆ ತಂದು ನಿಲ್ಲಿಸಿದ ಲಾರಿಯೆಲ್ಲ ಮುಧೋಳದ ಬೆಲ್ಲದ ವ್ಯಾಪಾರಿ ಅಂದಾನೆಪ್ಪ ಸಾವಕಾರರದೇ ಆಗಿತ್ತು. ಹಾಗಾಗಿ ಕೇಳಿದ್ದು.

"ನಂದ್ರಿ ಕಾಕಾ. ಸ್ವಂತ. ಜಮಖಂಡ್ಯಾಗ ನನ್ನ ಹೆಸರಿಗೆ ಆಗೇತಿ."

ಸ್ವಂತ ಎನ್ನುವಾಗ ಅವನ ದನಿ ಸಣ್ಣದಾಯಿತು. ದೊಡ್ಡ ದನಿಯಲ್ಲಿ ಹೇಳಿದರೆ ಯಾರಾದರೂ ಎಚ್ಚರಗೊಂಡು ಲಾರಿಯನ್ನು ವಾಪಸು ಕೇಳಿಯಾರು ಎಂಬಂತೆ.

ಪರಮಾನಂದ ಒಳ್ಳೆಯ ಡ್ರೈವರ್. ನಾಸಿಕದ ದಾರಿಯಲ್ಲಿ ಯಾವ ಢಾಬಾದ ಮುಂದೆ ಎಷ್ಟು ಕುಣಿ ಇವೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಆದರೆ ಲಾರಿಗೆ ಲೋಡ್ ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಾವಕಾರರು ಫೋನಿನಲ್ಲಿ ಮಾತಾಡುತ್ತಿದ್ದರು, ಲೋಡ್ ಬರುತ್ತಿತ್ತು. ಮೋಡ ಕೂಡಿ ಮಳೆ ಬರುವ ಹಾಗೆ ಅದೂ ಒಂದು ಮೇಲಿನ ವ್ಯವಹಾರ ಎಂದು ಅವನು ನಂಬಿದ್ದ.

ಇನ್ನು ಅವನ ತಾಯಿ ಹಾಲವ್ವನ ವಿಷಯ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಆಕೆಯ ಬಾಯಿಂದಲೇ ಆದದ್ದು. ಹಾಲವ್ವನಿಗೆ ಎಪ್ಪತ್ತೆಂಟು. ನಾನು ಕಂಡ ಹಾಗೆ ಆಕೆಯ ಮನೆಯಲ್ಲಿ ಯಾವ ವಸ್ತುವೂ ಇಷ್ಟು ವರ್ಷದಲ್ಲಿ ಒಮ್ಮೆಯೂ ತೀರಿಲ್ಲ. ಡಬ್ಬಿಯಲ್ಲಿ ಅಕ್ಕಿ ಒಂದು ಕಾಳೂ ಉಳಿಯದಿದ್ದರೆ "ಅಕ್ಕಿ ತುಂಬ್ಯಾವ" ಎನ್ನಬೇಕು. ಬಳೆ ಒಡೆದರೆ "ಬಳಿ ಹೆಚ್ಚ್ಯಾವ" ಎನ್ನಬೇಕು. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುವುದು. ಮನೆ ಬಿಟ್ಟು ಹೊರಟವರು ಹೋಗುವುದಿಲ್ಲ, ಬರುತ್ತಾರೆ. ಈ ಮಾತು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ನಮ್ಮಲ್ಲಿ ಅದು ರೂಢಿ, ಹಾಲವ್ವನ ಮನೆಯಲ್ಲಿ ಅದು ಕಾಯಿದೆ. 'ಖಾಲಿ' ಎಂಬ ಎರಡು ಅಕ್ಷರ ಆ ಹೊಸ್ತಿಲು ದಾಟಿ ಒಳಗೆ ಹೋದದ್ದಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದ ಪರಮಾನಂದನಿಗೆ ಆ ಮಾತು ಬರುತ್ತಿರಲಿಲ್ಲವೆಂದಲ್ಲ, ನಾಲಿಗೆಯ ತುದಿಗೆ ಬಂದು ತಾನೇ ತಿರುಗಿ ಒಳಗೆ ಹೋಗುತ್ತಿತ್ತು.

ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಪೂಜೆ ಮಾಡಿದರು. ಹಾಲವ್ವ ಅದರ ಹಣೆಗೆ ವಿಭೂತಿ ಹಚ್ಚಿದಳು. ಕೈ ನಿಲುಕದೆ ಸ್ಟೂಲು ಹತ್ತಿ ಹಚ್ಚಿದಳು. ಮೇಲಿಂದಲೇ ಮಗನಿಗೆ ಹೇಳಿದಳು:

"ಇದು ಹೊಟ್ಟಿಪಾಡಿನ ಗಾಡಿ. ಇದರ ನೆರಳಿನಾಗ ಆ ಮಾತು ಆಡಬ್ಯಾಡ."

"ಯಾವ ಮಾತ ಬೇ ಯವ್ವಾ?"

"ಅದ. ಆ ಮಾತು."

"ಖಾ..."

"ಬಾಯಿ ಮುಚ್ಚು."

ಅಷ್ಟರಲ್ಲಿ ಫೋನು ಬಂತು. ಪರಮಾನಂದನ ಫೋನು ಸ್ಪೀಕರ್ ಹಾಕಿದರೆ ಮಾತ್ರ ಮಾತಾಡುತ್ತಿತ್ತು. ಹಾಗಾಗಿ ಆ ಮನೆಗೆ ಬಂದ ಫೋನು ಅರ್ಧ ಓಣಿಗೂ ಬಂದ ಹಾಗೆ. ಆ ಕಡೆ ಮುಧೋಳದ ಟ್ರಾನ್ಸ್‌ಪೋರ್ಟ್ ಆಫೀಸಿನ ದುಂಡೇಶ. ಊರಿನ ಲಾರಿಗಳಿಗೆ ಲೋಡ್ ಹಚ್ಚಿಕೊಡುವ ಮನುಷ್ಯ.

"ಏ ಪರಮಾನಂದ, ಗಾಡಿ ತಂದೀ ಅಂತ ಕೇಳೇನಿ. ಛಲೋ ಆತು. ಈಗ ಖಾಲಿ ಐತೇನು?"

ಪರಮಾನಂದ ತಾಯಿಯನ್ನು ನೋಡಿದ. ತಾಯಿ ಲಾರಿಯನ್ನು ನೋಡಿದಳು. ಲಾರಿ ವಿಭೂತಿ ಹಚ್ಚಿಕೊಂಡು ನಮ್ಮೆಲ್ಲರನ್ನೂ ನೋಡುತ್ತಿತ್ತು.

"ತುಂಬೇತ್ರಿ" ಎಂದ.

"ಹೌದಾ? ಪೂಜಿ ದಿನಾನ? ಭೇಷ್. ಇಳಿಸಿದ ಮ್ಯಾಲ ಹೇಳು" ಎಂದು ದುಂಡೇಶ ಫೋನು ಇಟ್ಟ.

"ಏನಂದ್ರರೀ?" ಎಂದು ಹೆಂಡತಿ ಮಧುಮತಿ ಕೇಳಿದಳು.

"ಭೇಷ್ ಅಂದ್ರು" ಎಂದ ಪರಮಾನಂದ. ಎಲ್ಲರಿಗೂ ಸಂತೋಷವಾಯಿತು. ನನಗೂ ಏನೂ ಹೊಳೆಯಲಿಲ್ಲ. ಅಕ್ಕಿಗೆ ಹೇಳುವ ಮಾತು ಲಾರಿಗೂ ಹೊಂದುತ್ತದೆ ಎಂದುಕೊಂಡೆ.

ಮರುದಿನವೂ ಫೋನು ಬಂತು. ಅದರ ಮರುದಿನವೂ ಬಂತು. ಪ್ರಶ್ನೆ ಒಂದೇ, ಉತ್ತರವೂ ಒಂದೇ. ದುಂಡೇಶ ಒಮ್ಮೆ "ಶಾಭಾಸ್" ಎನ್ನುತ್ತಿದ್ದ, ಒಮ್ಮೆ "ನಿನ್ನ ನಸೀಬ ದೊಡ್ಡದೋ" ಎನ್ನುತ್ತಿದ್ದ. ಲೋಡ್ ಮಾತ್ರ ಬರಲಿಲ್ಲ. ಮಾಘದ ಬೇವು ಎಲೆ ಉದುರಿಸುವ ಕಾಲ. ನಾಲ್ಕನೆಯ ದಿನಕ್ಕೆ ಲಾರಿಯ ಹಿಂದೆ ಒಂದು ಗೇಣು ಎಲೆ ಕೂತಿತು.

ಐದನೆಯ ದಿನ ಮಧುಮತಿ ಹೊಲಿಗೆ ಮಷೀನು ನಿಲ್ಲಿಸಿ ಗಂಡನೆದುರು ಬಂದು ನಿಂತಳು. ಆಕೆ ಮಷೀನು ನಿಲ್ಲಿಸಿದಳೆಂದರೆ ಮಾತು ದೊಡ್ಡದೇ ಇರಬೇಕು.

"ಸಾವಕಾರ್ರು ಬೆಳಿಗ್ಗೆ ಫೋನ್ ಮಾಡಿದ್ರು. ಶಿವರಾತ್ರಿತನಕ ನಿಮ್ಮ ಸೀಟಿಗೆ ಬ್ಯಾರೆದವರನ್ನ ಕುಂಡ್ರಸೂದಿಲ್ಲಂತ. ಆಮ್ಯಾಲ ಕುಂಡ್ರಸ್ತಾರಂತ."

"ನನಗ ನನ್ನ ಸೀಟು ಐತಲ್ಲ."

"ಐತಿ. ನಿಂತೈತಿ. ಶಿವರಾತ್ರಿತನಕ ನೋಡೂಣು. ಅಷ್ಟರಾಗ ಒಂದ ಲೋಡ್ ಹತ್ತಲಿಲ್ಲಂದ್ರ ಗಾಡಿ ಕೊಟ್ಟುಬಿಡೂದು, ನೀವು ಸಾವಕಾರ್ರ ಗಾಡಿಗೆ ಹೋಗೂದು."

"ಹೋಗೂದು ಅನ್ನಬ್ಯಾಡ ಬೇ" ಎಂದು ಒಳಗಿನಿಂದ ಹಾಲವ್ವನ ದನಿ ಬಂತು.

"ಬರೂದು" ಎಂದು ತಿದ್ದಿಕೊಂಡು ಮಧುಮತಿ ಮಷೀನಿಗೆ ಕೂತಳು.

ಶಿವರಾತ್ರಿಗೆ ಇನ್ನು ಒಂಬತ್ತು ದಿನ. ಪರಮಾನಂದ ಎದ್ದ. ಹೊರಗೆ ಬಂದು ಲಾರಿಯ ಕ್ಯಾಬಿನ್ ಹತ್ತಿ ಕೂತ. ಅಂದು ಸಂಜೆಯಿಂದ ಆ ನಿಂತ ಲಾರಿಯ ಪ್ರಯಾಣ ಶುರುವಾಯಿತು.

ಅದು ಹೇಗೆಂದರೆ, ಅವನು ಸ್ಟಿಯರಿಂಗ್ ಹಿಡಿದು ಕೂರುವುದು, ನಾನು ಪಕ್ಕದಲ್ಲಿ, ನನ್ನಾಚೆ ಮೂಲೆ ಅಂಗಡಿಯ ಶಿದ್ರಾಮಪ್ಪ. ಮುಂದೆ ದೊಡ್ಡ ಗಾಜು, ಗಾಜಿನಾಚೆ ಓಣಿ, ಓಣಿಯ ಕೊನೆಗೆ ಹೊಳೆ, ಹೊಳೆಯ ಮೇಲೆ ಕೆಂಪು ಬೆಳಕು. ಲಾರಿಯ ಎತ್ತರದಿಂದ ನೋಡಿದರೆ ದಿನಾ ಕಂಡ ಓಣಿಯೂ ಬೇರೆ ಯಾವುದೋ ಊರಿನದು ಅನ್ನಿಸುತ್ತಿತ್ತು. ಪರಮಾನಂದ ಮೆಲ್ಲಗೆ ಹೇಳುತ್ತಿದ್ದ, "ಈಗ ನಿಪ್ಪಾಣಿ ದಾಟಿದ್ವಿ ಕಾಕಾ. ಎಡಕ್ಕ ತಂಬಾಕದ ವಾಸನಿ ಬರತೈತಿ ನೋಡ್ರಿ." ನಿಜವಾಗಿಯೂ ಬರುತ್ತಿತ್ತು. ಶಿದ್ರಾಮಪ್ಪನ ಕಿಸೆಯಲ್ಲಿ ಇತ್ತು. "ಇನ್ನ ಕೊಲ್ಲಾಪುರ. ಇನ್ನ ಕರಾಡ. ಇಲ್ಲಿ ಎರಡು ಹೊಳಿ ಕೂಡತಾವ. ಒಂದು ನಮ್ಮದ, ಕೃಷ್ಣಾ. ಇಲ್ಲಿ ಸಣ್ಣಾಕಿ. ನಮ್ಮೂರಿಗೆ ಬರೂದರಾಗ ದೊಡ್ಡಾಕಿ ಆಗತಾಳ."

ಇಂಜಿನ್ ಬಂದಾಗಿತ್ತು, ಆದರೂ ಮೈ ತೂಗಿದ ಹಾಗಾಗುತ್ತಿತ್ತು. ಕುರಿಯ ಹಿಂದೆ ಎಷ್ಟೋ ಸೀಮೆ ನಡೆದಿದ್ದೇನೆ, ಆದರೆ ಇಷ್ಟು ದೂರ ಇಷ್ಟು ಸುಖವಾಗಿ ಹೋಗಿರಲಿಲ್ಲ. ಮಧುಮತಿ ಚಹ ತಂದು ಬಾಗಿಲು ಬಡಿದು ಕೇಳುತ್ತಿದ್ದಳು.

"ಎಲ್ಲಿಗಿ ಬಂದೀರಿ?"

"ಸಾತಾರಾ ದಾಟಿದ್ವಿ" ಎನ್ನುತ್ತಿದ್ದ ಶಿದ್ರಾಮಪ್ಪ.

"ಹಂಗಾರ ಈ ಚಾ ಆರೇತಿ. ನಾ ಇದನ್ನ ಕರಾಡಕ್ಕ ಅಂತ ಮಾಡಿದ್ದೆ."

ಚಹ ಕುಡಿದು ಕಪ್ಪು ಕೊಟ್ಟರೆ ಆಕೆ ಅದನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತು ಗಾಜಿನಾಚೆ ನೋಡುತ್ತಿದ್ದಳು. ಆಕೆಗೂ ಏನೋ ಕಾಣುತ್ತಿತ್ತೋ ಏನೋ. ನಾನು ಕೇಳಲಿಲ್ಲ.

ಎಂಟನೆಯ ದಿನ ಕುರಿಗೆ ಔಷಧ ತರಲು ನಾನು ಮುಧೋಳಕ್ಕೆ ಹೊರಟೆ. ಪರಮಾನಂದನೂ ಬಂದ. ಸ್ವಂತ ಲಾರಿ ಇದ್ದವನು ಬಸ್ಸಿನಲ್ಲಿ ನಿಂತು ಬಂದ. ದುಂಡೇಶನ ಆಫೀಸೆಂದರೆ ಒಂದು ಮೇಜು, ಮೂರು ಫೋನು, ಗೋಡೆಗೆ ಒಂದು ಕರಿ ಹಲಗೆ. ಹಲಗೆಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ 'ಖಾಲಿ', ಇನ್ನೊಂದು ಕಡೆ 'ಲೋಡ್' ಎಂದು ಬರೆದು ಅವುಗಳ ಕೆಳಗೆ ಲಾರಿಗಳ ನಂಬರು ಬರೆದಿದ್ದ. ಉಳಿದ ನಂಬರುಗಳು ಆ ಕಡೆಯಿಂದ ಈ ಕಡೆಗೆ ಓಡಾಡಿ ಅಳಿಸಿ ಬರೆದು ಮಸುಕಾಗಿದ್ದವು. ಪರಮಾನಂದನ ನಂಬರು ಮಾತ್ರ ಲೋಡ್ ಎಂಬುದರ ಕೆಳಗೆ ಬರೆದ ದಿನದಷ್ಟೇ ಬೆಳ್ಳಗೆ ಕೂತಿತ್ತು.

"ಬಾರೋ ನಸೀಬವಂತ. ಏನ್ ಬಂದಿ?" ಎಂದ ದುಂಡೇಶ.

"ಲೋಡ್ ಬೇಕಿತ್ರಿ."

"ನಿನ್ನ ಗಾಡಿ ತುಂಬೇತಲ್ಲೋ."

"ಹೌದ್ರಿ, ತುಂಬೇತಿ. ಅದಕ್ಕ ಬಂದೇನ್ರಿ."

ದುಂಡೇಶ ಒಂದು ಫೋನು ಕೆಳಗಿಟ್ಟ. "ತುಂಬಿದ ಗಾಡಿ ಮ್ಯಾಲ ಇನ್ನೇನು ಹೇರಲಿ? ಮೊದಲ ಇಳಿಸಿ ಬಾ."

"ಏನು ಇಳಿಸೂದ್ರಿ?"

"ಏನೈತೋ ಅದನ್ನ ಎಲ್ಲಾ ಇಳಿಸು. ಒಂದ ಸಾಮಾನು ಉಳಿಬಾರದು. ಆಮ್ಯಾಲ ಫೋನ್ ಮಾಡು."

ಬಸ್ಸಿನಲ್ಲಿ ತಿರುಗಿ ಬರುವಾಗ ಪರಮಾನಂದ ಜಮಖಂಡಿ ನಾಕಾದವರೆಗೆ ಯೋಚಿಸಿದ. ನಂತರ "ಧಂಧೇದಾಗ ಏನೋ ಒಂದು ರೀತಿ ಇರತೈತಿ ಕಾಕಾ. ನಮಗ ಗೊತ್ತಿರೂದಿಲ್ಲ" ಎಂದ.

ಮನೆಗೆ ಬಂದವನೇ ಇಳಿಸಲು ಹತ್ತಿದ. ಸ್ಟೆಪ್ನಿ ಟಾಯರು ಇಳಿಸಿದ. ಜಾಕು, ಹಗ್ಗ, ತಾಡಪತ್ರಿ, ಸೀಮೆಎಣ್ಣೆಯ ಸ್ಟೋವು, ಕೌದಿ, ನೀರಿನ ಕ್ಯಾನು ಇಳಿಸಿದ. ಹಿಂದೆ ಕೂತ ಬೇವಿನೆಲೆಯನ್ನು ಮಧುಮತಿ ಗುಡಿಸಿ ಇಳಿಸಿದಳು. ಕ್ಯಾಬಿನ್ನಿನಲ್ಲಿದ್ದ ಬಸವಣ್ಣನ ಫೋಟೋ ಇಳಿಸಬೇಕೇ ಬೇಡವೇ ಎಂದು ಚರ್ಚೆ ನಡೆಯಿತು. ಒಂದ ಸಾಮಾನು ಉಳಿಬಾರದು ಎಂದಿದ್ದಾನೆ, ದೇವರು ಸಾಮಾನಲ್ಲ ಎಂದು ಹಾಲವ್ವ ತೀರ್ಪು ಕೊಟ್ಟಳು. ದೇವರು ಉಳಿದ. ಎಲ್ಲ ಸಾಮಾನು ನಮ್ಮ ಕಟ್ಟೆಯ ಮೇಲೆ ಬಂದು ಕೂತಿತು. ನಾನು ಕೂರುವ ಜಾಗದಲ್ಲಿ ಟಾಯರು ಕೂತಿತು.

ಬೆವರು ಒರೆಸಿಕೊಂಡು ಫೋನು ಮಾಡಿದ.

"ಎಲ್ಲಾ ಇಳಿಸೇನ್ರಿ."

"ಈಗ ಖಾಲಿ ಐತೇನು?"

"ಈಗ ಪೂರಾ ತುಂಬೇತ್ರಿ."

ಆ ಕಡೆ ಸೀಮೆಸುಣ್ಣ ಮುರಿದ ಸದ್ದು ಕೇಳಿತು.

"ಒಂದ ದಿನದಾಗ ಇಳಿಸಿ ಮತ್ತ ತುಂಬೀದಿ? ಯಾರದೋ ಲೋಡು? ಯಾವ ಆಫೀಸಿನವರು ಹಚ್ಚ್ಯಾರ? ನಾನು ಇಲ್ಲಿ ಇಪ್ಪತ್ತು ವರ್ಷದಿಂದ ಕುಂತೇನಿ, ನನಗ ಹೇಳದ ಇನ್ನೊಬ್ಬನ ಕಡಿ ಹೋದಿ. ಇರಲಿ. ಛಲೋ ಮಾಡಿದಿ" ಎಂದು ಇಟ್ಟ. ಈ ಸಲದ 'ಛಲೋ' ಬೇರೆ ನಮೂನೆಯದಾಗಿತ್ತು. ಆ ದಿನದಿಂದ ಫೋನೂ ನಿಂತಿತು.

ಇಷ್ಟರಲ್ಲಿ ಗಲಗಲಿಯ ಪರಮಾನಂದನ ಲಾರಿ ಒಂದು ದಿನವೂ ಬಿಡುವಿಲ್ಲದೆ ತುಂಬಿರುತ್ತದೆ ಎಂಬ ಮಾತು ದುಂಡೇಶನ ಹಲಗೆಯಿಂದ ಹೊರಟು ಬನಹಟ್ಟಿಯವರೆಗೆ ಹೋಗಿತ್ತು. ಬನಹಟ್ಟಿಯಲ್ಲಿ ಪರಮಾನಂದನ ತಂಗಿಯ ಗಂಡ ವೀರೇಶ. ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುವವನು. ಸೀರೆಯ ಗಂಟು ಸೊಲ್ಲಾಪುರಕ್ಕೆ ಕಳಿಸಲು ಭಾವನ ಲಾರಿಯೇ ಆಗಲಿ ಎಂದು ಫೋನು ಮಾಡಿದ್ದನಂತೆ. ಫೋನು ಹಾಲವ್ವ ಎತ್ತಿದ್ದಳು. "ಗಾಡಿ ತುಂಬೇತಿ ತಮ್ಮಾ" ಎಂದಿದ್ದಳು. ಒಂಬತ್ತನೆಯ ದಿನ ವೀರೇಶ ಮೋಟರ್‌ಸೈಕಲ್ ಹತ್ತಿ ಬಂದೇಬಿಟ್ಟ.

"ನಮ್ಮ ಸೀರಿ ಹೇರೂದು ನಿಮಗ ಹಗುರ ಆತೇನ್ರಿ ಅತ್ತಿ? ಊರವರದೆಲ್ಲಾ ಹೇರತೀರಿ" ಎಂದು ನಿಂತೇ ಕೇಳಿದ.

"ಯಾರದು ಹೇರೇವಿ ತಮ್ಮಾ? ಕುಂಡ್ರು, ನೀರು ಕುಡಿ."

"ಗಾಡಿ ತುಂಬೇತಿ ಅಂದ್ರಲ್ಲ."

"ಹೌದು. ತುಂಬೇತಿ."

"ಹಂಗಾರ ಯಾರದು?"

"ನಮ್ಮದ."

ವೀರೇಶ ನೀರು ಕುಡಿದ, ಊಟ ಮಾಡಲಿಲ್ಲ. ಮಗಳ ಮನೆಯವರು ಉಣ್ಣದೆ ಹೋದರೆಂದು ಹಾಲವ್ವ ಆ ದಿನ ತಾನೂ ಉಣ್ಣಲಿಲ್ಲ. ಯಾಕೆ ಸಿಟ್ಟು ಎಂದು ಯಾರಿಗೂ ತಿಳಿಯಲಿಲ್ಲ.

ಶಿದ್ರಾಮಪ್ಪನ ಅಂಗಡಿಯಲ್ಲಿ ಈಗ ಎರಡು ಪಕ್ಷವಾದವು. ಲಾರಿಯಲ್ಲಿ ಏನೋ ಇದೆ, ಅದು ಪರಮಾನಂದನಿಗೂ ಗೊತ್ತಿಲ್ಲ ಎಂದು ಒಂದು ಪಕ್ಷ. ಏನೂ ಇಲ್ಲ, ಆದರೆ ಇದೆ ಎಂದು ಹೇಳುವುದರಲ್ಲಿ ಏನೋ ಇದೆ ಎಂದು ಇನ್ನೊಂದು ಪಕ್ಷ. ದಿನಾ ಸಂಜೆ ಅದೇ ಲಾರಿಯಲ್ಲಿ ಕೂತು ಪುಣೆ ಕಂಡು ಬರುತ್ತಿದ್ದ ಶಿದ್ರಾಮಪ್ಪ ಎರಡೂ ಪಕ್ಷಕ್ಕೆ ಅಧ್ಯಕ್ಷನಾಗಿದ್ದ. ಈ ಪಕ್ಷಗಳ ಪೈಕಿ ಯಾರೋ ಒಂದು ಚೀಟಿ ಬರೆದು ಸರಕಾರಕ್ಕೆ ಹಾಕಿದರು. ಬಿಲ್ಲಿಲ್ಲದ ಮಾಲು ಹೇರಿದ ಲಾರಿ ಹತ್ತು ದಿನದಿಂದ ಗಲಗಲಿಯಲ್ಲಿ ನಿಂತಿದೆ ಎಂದು.

ಶಿವರಾತ್ರಿ ಶುಕ್ರವಾರ. ಬುಧವಾರ ಬೆಳಿಗ್ಗೆ ಜೀಪು ಬಂತು. ಇಳಿದವರು ತೆರಿಗೆ ಇಲಾಖೆಯ ಪ್ರೇಮಕುಮಾರ ಸಾಹೇಬರು. ಮಂಡ್ಯದ ಕಡೆಯವರು, ನಮ್ಮ ಸೀಮೆಗೆ ಹೊಸಬರು. ಮಾತು ಮೆತ್ತಗೆ, ಕೈಯಲ್ಲಿ ಕಡತ.

"ಅಜ್ಜಿ, ಈ ಲಾರಿ ನಿಮ್ದಾ?"

"ಹೌದ್ರಿ ಸಾಹೇಬ್ರ."

"ಖಾಲಿ ಇದ್ಯಾ?"

ಹಾಲವ್ವ ಕಿವಿ ಮೇಲೆ ಸೆರಗು ಎಳೆದುಕೊಂಡಳು. "ತುಂಬೇತ್ರಿ."

"ಒಪ್ಕೊಂಡ್ರಲ್ಲ, ಒಳ್ಳೇದಾಯ್ತು" ಎಂದು ಸಾಹೇಬರು ಬರೆದುಕೊಂಡರು. ಲಾರಿಯ ಹಿಂದೆ ಹತ್ತಿದರು. ಅಲ್ಲಿ ಆ ಮೂಲೆಯಿಂದ ಈ ಮೂಲೆಗೆ ನಡೆದರು. ಬಗ್ಗಿ ನೋಡಿದರು, ಹಲಗೆಯನ್ನು ಬೂಟಿನಿಂದ ತಟ್ಟಿದರು. ಕೆಳಗೆ ಓಣಿಯವರೆಲ್ಲ ಕೂಡಿದ್ದೆವು.

"ಮಾಲೆಲ್ಲಿ?"

"ಮಾಲು ಎಲ್ಲಿಂದ ಬರಬೇಕ್ರಿ" ಎಂದ ಪರಮಾನಂದ. "ತುಂಬೇತಲ್ಲ."

"ತುಂಬಿದ್ರೆ ಮಾಲಿರ್ಬೇಕಲ್ಲಪ್ಪ."

"ಮಾಲು ಇದ್ರ ತುಂಬೇತಿ ಅಂತ ಯಾಕ ಅಂತಿದ್ದೆವ್ರಿ?"

ಸಾಹೇಬರು ಲಾರಿಯ ಮೇಲೇ ಸ್ವಲ್ಪ ಹೊತ್ತು ಕೂತರು. ಕನ್ನಡ ಓದಿಯೇ ನೌಕರಿಗೆ ಬಂದವರು, ಪಾಪ. ಕೊನೆಗೆ ಹೇಳಿದರು, "ನೋಡಿ, ಅರ್ಜಿಯಲ್ಲಿ ತುಂಬಿದೆ ಅಂತಿದೆ. ಮಾಲೀಕರ ಹೇಳಿಕೆಯೂ ತುಂಬಿದೆ ಅಂತಿದೆ. ನನ್ನ ಕಣ್ಣಿಗೆ ಮಾತ್ರ ಕಾಣ್ತಿಲ್ಲ. ನನ್ನ ಕಣ್ಣನ್ನ ಕಡತದಲ್ಲಿ ಹಾಕೋಕಾಗಲ್ಲ. ತೂಕ ಹಾಕ್ಸೋಣ."

ಹೀಗಾಗಿ ಪರಮಾನಂದನ ಸ್ವಂತ ಲಾರಿ ಮೊದಲ ಸಲ ರಸ್ತೆಗೆ ಇಳಿಯಿತು. ಮುಂದೆ ಸರಕಾರದ ಜೀಪು, ಹಿಂದೆ ಲಾರಿ. ಹಾಲವ್ವ ತಾನೂ ಬರುತ್ತೇನೆಂದು ಕ್ಯಾಬಿನ್ ಹತ್ತಿದಳು, ಆಕೆಯನ್ನು ಹತ್ತಿಸಲು ಹೋಗಿ ನಾನೂ ಹತ್ತಿದೆ. ಬಂಧಿಸಿ ಒಯ್ಯುತ್ತಿದ್ದಾರೆ ಎಂದು ಅರ್ಧ ಊರು, ಸರಕಾರವೇ ಮುಂದೆ ನಿಂತು ಮೆರವಣಿಗೆ ಮಾಡುತ್ತಿದೆ ಎಂದು ಇನ್ನರ್ಧ ಊರು ಕೈಯೆತ್ತಿತು. ಕಬ್ಬು ಕಡಿದ ಹೊಲಗಳ ಮೇಲೆ ಇನ್ನೂ ಮಂಜು ಇತ್ತು. ಗಾಜಿನ ತುಂಬ ಬೆಳ್ಳಗೆ, ದಾರಿ ಮುಂದಿನಿಂದ ಒಂದೊಂದೇ ಮಾರು ಹುಟ್ಟಿ ಬರುತ್ತಿತ್ತು. ಪರಮಾನಂದನ ಮುಖ ನೋಡಿದೆ. ಎಲ್ಲಿಗೆ ಹೊರಟಿದ್ದೇವೆ, ಯಾಕೆ ಎಂಬುದೆಲ್ಲ ಅವನಿಗೆ ಮರೆತಿತ್ತು. ಗಿಯರು ಬದಲಿಸುತ್ತ ಸಣ್ಣಗೆ ನಗುತ್ತಿದ್ದ.

ಮುಧೋಳದಲ್ಲಿ ಲಾರಿ ತೂಗುವ ಕಾಟಾ ಇರುವುದು ದುಂಡೇಶನ ಆಫೀಸಿನ ಎದುರು, ಅಂದಾನೆಪ್ಪ ಸಾವಕಾರರ ಬೆಲ್ಲದ ಗೋದಾಮಿನ ಪಕ್ಕ. ಕಾಟಾದ ಕಾಮಣ್ಣ ಕಿಟಕಿಯಿಂದ ಕೂಗಿ ಕೇಳಿದ, "ಲೋಡೋ ಖಾಲಿಯೋ?"

"ತುಂಬೇತಿ" ಎಂದ ಪರಮಾನಂದ.

ಕಾಮಣ್ಣ ಲೋಡ್ ಎಂದು ಒತ್ತಿದ. ಲಾರಿಯ ಕಾಗದದಲ್ಲಿ ಬರೆದ ತೂಕವನ್ನು ಕಳೆದ. ಚೀಟಿ ಹೊರಗೆ ಬಂತು. ಅದನ್ನು ಅವನೇ ಎರಡು ಸಲ ಓದಿದ. "ಸಾಹೇಬ್ರ, ಲೋಡು ಸೊನ್ನೆ ಕಿಲೋ ಐತ್ರಿ" ಎಂದ. ಸೊನ್ನೆ ಕಿಲೋ ಹೇರಿಕೊಂಡು ಸರಕಾರಿ ಜೀಪಿನ ಕಾವಲಿನಲ್ಲಿ ಬಂದ ಲಾರಿ ಆ ಕಾಟಾದ ಮೇಲೆ ಅದೇ ಮೊದಲು.

ದುಂಡೇಶ ಬಾಗಿಲಿಗೆ ಬಂದು ನಿಂತ. ಸಾವಕಾರರೂ ಗೋದಾಮಿನಿಂದ ಹೊರಬಂದರು. ದೊಡ್ಡ ಹೊಟ್ಟೆ, ಬಿಳಿ ಧೋತರ, ಕೈಯಲ್ಲಿ ಯಾವಾಗಲೂ ಒಂದು ಚೂರು ಬೆಲ್ಲ.

ಸಾಹೇಬರು ಒಂದು ಹಾಳೆ ಚಾಚಿದರು. "ಎರಡೇ ದಾರಿ. ವಾಹನ ಖಾಲಿ ಇದೆ ಅಂತ ಬರೆದು ಸಹಿ ಹಾಕಿ, ನಾನು ಕಡತ ಮುಚ್ತೀನಿ. ಇಲ್ಲಾಂದ್ರೆ ಲಾರಿ ನಮ್ಮ ಕಂಪೌಂಡಿನಲ್ಲಿ ನಿಲ್ಲುತ್ತೆ. ಮೇಲಿನವರನ್ನ ಕೇಳಬೇಕು, ಎಂಟು ದಿನ ಆಗುತ್ತೆ."

"ಲೇ ಪರಮ್ಯಾ" ಎಂದರು ಸಾವಕಾರರು. "ನಾಡದು ಶಿವರಾತ್ರಿ. ಎಂಟು ದಿನ ಎಲ್ಲಿಂದ ತರತೀದಿ? ಗಾಡಿ ಅಲ್ಲೇ ಬಿಟ್ಟು ಬಾ. ನನ್ನ ಸೀಟು ಹಂಗ ಐತಿ."

ಪರಮಾನಂದ ಪೆನ್ನು ಹಿಡಿದ. ಹಾಳೆಯನ್ನು ಲಾರಿಯ ಬಾನೆಟ್ಟಿಗೆ ಆನಿಸಿದ. 'ವಾಹನ' ಎಂದು ಬರೆದ, ಚೆನ್ನಾಗಿಯೇ ಬರೆದ. 'ಖಾ' ಎಂದು ಬರೆದ. ಅಲ್ಲಿಗೆ ಪೆನ್ನು ನಿಂತಿತು. ಮಸಿ ಮುಗಿದಿರಲಿಲ್ಲ. ಅವನ ಕೈ ಮುಂದಿನ ಅಕ್ಷರಕ್ಕೆ ಹೋಗಲೊಲ್ಲದು. ಅವನು ಲಾರಿಯನ್ನು ನೋಡಿದ, ಸಾವಕಾರರನ್ನು ನೋಡಿದ, ಕೊನೆಗೆ ಕ್ಯಾಬಿನ್ನಿನಲ್ಲಿ ಕೂತ ತಾಯಿಯನ್ನು ನೋಡಿದ. ನಲವತ್ತೈದು ವರ್ಷದ ಮನುಷ್ಯನ ಕಣ್ಣಲ್ಲಿ ನೀರು ಬಂತು.

ಹಾಲವ್ವ ಇಳಿದಳು. ಒಂದೊಂದೇ ಮೆಟ್ಟಿಲು, ಬೆನ್ನು ಈ ಕಡೆ ಮಾಡಿ ಇಳಿದಳು. ಮಗನ ಕೈಯಿಂದ ಪೆನ್ನು ತೆಗೆದುಕೊಂಡು ಸಾಹೇಬರ ಕೈಗೆ ಕೊಟ್ಟಳು.

"ಅವ ಬರಿಯೂದು ಬ್ಯಾಡ್ರಿ. ದುಡಿದು ತಿನ್ನುವ ಬಾಯಿ ಅದು. ನಾ ಹೇಳತೀನಿ, ನೀವು ಬರಕೋರಿ, ನಾ ಹೆಬ್ಬಟ್ಟು ಒತ್ತತೀನಿ. ನಂದೇನು, ಎಪ್ಪತ್ತೆಂಟು ವರ್ಷ ಆತು. ತಟ್ಟಿದರ ನನಗ ತಟ್ಟಲಿ."

"ಬ್ಯಾಡ ಬೇ ಯವ್ವಾ" ಎಂದ ಪರಮಾನಂದ.

ಆಕೆ ಸೆರಗು ಸರಿಮಾಡಿಕೊಂಡಳು. ಲಾರಿಯ ಕಡೆ ಬೆನ್ನು ತಿರುಗಿಸಿ ನಿಂತಳು.

"ಸಾಹೇಬ್ರ, ನನ್ನ ಮಗನ ಗಾಡಿ ಖಾಲಿ ಐತಿ."

ಏನೂ ಆಗಲಿಲ್ಲ. ಕಾಟಾದ ಅಂಕಿ ಅಲುಗಲಿಲ್ಲ. ಗೋದಾಮಿನ ಬೆಲ್ಲದ ಮೇಲೆ ಜೇನುಹುಳ ಸುತ್ತುತ್ತಲೇ ಇದ್ದವು. ಆದರೆ ಎದುರು ಬಾಗಿಲಲ್ಲಿ ನಿಂತಿದ್ದ ದುಂಡೇಶನ ಕೈಯಿಂದ ಒಂದು ಫೋನು ಬಿತ್ತು.

"ಏನಂದ್ರಿ ಅಜ್ಜಿ?" ಎನ್ನುತ್ತ ರಸ್ತೆ ದಾಟಿ ಓಡಿ ಬಂದ. "ಖಾಲಿ ಐತಿ? ಯಾವತ್ತಿಂದ?"

"ಹುಣ್ಣಿಮಿಯಿಂದ" ಎಂದಳು ಹಾಲವ್ವ.

ದುಂಡೇಶ ಅಲ್ಲೇ ಕಾಟಾದ ಕಟ್ಟೆಯ ಮೇಲೆ ಕೂತ. ತಲೆಗೆ ಕೈ ಹಚ್ಚಿ ಕೂತ. ಸ್ವಲ್ಪ ಹೊತ್ತಿಗೆ ಅವನ ಹೆಗಲು ಕುಣಿಯತೊಡಗಿದವು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. "ನಮ್ಮವ್ವನೂ ಹಿಂಗ ಅಂತಿದ್ಳಲ್ಲೋ" ಎಂದ. "ಎಣ್ಣಿ ತುಂಬೇತಿ, ಅಂಗಡಿಗೆ ಹೋಗಿ ಬಾ ಅಂತಿದ್ಳು. ಏಳು ಲೋಡು ಇಟಗೊಂಡು ನಿನಗ ಏಳು ಸಲ ಫೋನ್ ಮಾಡೇನೋ ಪರಮಾನಂದ." ಸಾಹೇಬರು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡರು. ಹಾಲವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಕಡತ ಮುಚ್ಚಿದರು. ಜೀಪು ಹತ್ತುವ ಮುಂಚೆ ಸಣ್ಣ ಪುಸ್ತಕ ತೆಗೆದು 'ತುಂಬೇತಿ' ಎಂಬ ಮಾತನ್ನು ಅದರ ಅರ್ಥದ ಸಮೇತ ಬರೆದುಕೊಂಡರು.

ನಂತರ ದುಂಡೇಶ ಸಾವಕಾರರ ಕಡೆ ತಿರುಗಿದ.

"ಬೆಲ್ಲಕ್ಕ ಗಾಡಿ ಬೇಕಂತ ನಾಲ್ಕು ದಿನದಿಂದ ನನ್ನ ಜೀವಾ ತಿನ್ನಾಕತ್ತೀರಿ. ನಿಮ್ಮ ಗಾಡಿ ಡ್ರೈವರ್ ಇಲ್ಲದ ನಿಂತೈತಿ. ರತ್ನಾಗಿರಿಗೆ ಹೋಗಬೇಕಾದ ಬೆಲ್ಲ ಇಲ್ಲೇ ನೀರು ಬಿಡಾಕತ್ತೇತಿ. ಇಲ್ಲಿ ಐತಿ ನೋಡ್ರಿ ಗಾಡಿ."

ಸಾವಕಾರರು ಲಾರಿಯನ್ನು ಸುತ್ತು ಹಾಕಿ ನೋಡಿದರು. "ಡ್ರೈವರ್ ಯಾರು?" ಎಂದರು.

"ನಾನ್ರಿ" ಎಂದ ಪರಮಾನಂದ.

"ಮಾಲಕ?"

"ನಾನ್ರಿ."

ಸಾವಕಾರರು ಕೈಯಲ್ಲಿದ್ದ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡರು. ಅದನ್ನು ಪೂರಾ ಕರಗಿಸಿಕೊಂಡರು. "ಬೆಲ್ಲದ ಪೆಂಟಿ ಒಡಿಬಾರದು. ಹುಷಾರ್ರಿ" ಎಂದರು. ಪರಮಾನಂದ ಹಿಂದಕ್ಕೆ ತಿರುಗಿ ನೋಡಿದ. ಆ 'ರಿ' ಯಾರಿಗೆ ಅಂದರು ಎಂದು.

ಹಮಾಲರು ಬೆಲ್ಲ ಹೇರಲು ಹತ್ತಿದರು. ಆಗ ದುಂಡೇಶ ಮತ್ತೊಂದು ಮಾತು ತೆಗೆದ. "ರತ್ನಾಗಿರ್ಯಾಗ ಇಳಿಸಿದ ಮ್ಯಾಲ ಅಲ್ಲಿ ಆಫೀಸಿಗೆ ಹೋಗಿ ಹೇಳು. ವಾಪಸ್ ಬರಾಕ ಲೋಡ್ ಕೊಡತಾರ. ಆದ್ರ ಆ ಮಾತು ಹೇಳಬೇಕಾಗತೈತಿ."

ಪರಮಾನಂದ ನೆಲ ನೋಡಿದ.

"ಅಲ್ಲೀನೂ ನಾನ ಹೇಳತೀನಿ" ಎಂದಳು ಹಾಲವ್ವ.

"ಅಲ್ಲಿ ಮರಾಠಿ ಮಾತಾಡತಾರ ಬೇ."

"ಮರಾಠ್ಯಾಗ ಅದಕ್ಕ ಏನಂತಾರ?"

"ಗಾಡಿಯವ್ರು ಎಲ್ಲಾ ಕಡೆ ಅದನ್ನ ಅಂತಾರ್ರಿ ಅಜ್ಜಿ" ಎಂದ ದುಂಡೇಶ. "ಆದ್ರ ನೀವು ಮನ್ಯಾಗ ಕುಂತು ಫೋನಿನಾಗ ಹೇಳಿದ್ರೂ ನಡಿತೈತಿ."

"ಮನ್ಯಾಗ ಆಡೂ ಮಾತಲ್ಲ ತಮ್ಮಾ ಅದು. ಗಾಡಿ ಎಲ್ಲಿ ನಿಂತೈತಿ ಅಲ್ಲಿಗಿ ಬಂದು ಹೇಳತೀನಿ."

ಹೇರುವುದು ಸಂಜೆಗೆ ಮುಗಿಯಿತು. ತಾಯಿಯ ಬಟ್ಟೆಬರೆ ತರಲು ಗಲಗಲಿಗೆ ಹೋಗಿ ಹೊರಡುತ್ತೇನೆ ಎಂದ ಪರಮಾನಂದ. ಅದು ಸುತ್ತು ದಾರಿ, ರತ್ನಾಗಿರಿ ಈ ಕಡೆ ಎಂದು ಸಾವಕಾರರು ಗೊಣಗಿದರು. "ಗಾಡಿ ನಂದ್ರಿ ಸಾವಕಾರ್ರ" ಎಂದ ಪರಮಾನಂದ. ಈ ಸಲ ದನಿ ಸಣ್ಣದಾಗಲಿಲ್ಲ.

ಗಲಗಲಿಯಲ್ಲಿ ನಮ್ಮ ಕಟ್ಟೆಯ ಮೇಲಿದ್ದ ಟಾಯರು, ತಾಡಪತ್ರಿಯೆಲ್ಲ ಮತ್ತೆ ಲಾರಿ ಹತ್ತಿದವು. ಮಧುಮತಿ ಲಾರಿಯ ಹಿಂದೆ ಹೋಗಿ, ಬೆಲ್ಲದ ಪೆಂಟಿಗಳನ್ನು ತಾಡಪತ್ರಿಯ ಮೇಲಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಒಳಗೆ ಹೋಗಿ ಎರಡು ದಿನದ ರೊಟ್ಟಿ ಬಡಿದಳು. ಅತ್ತೆಗೆ ದಾರಿಯಲ್ಲಿ ಚಳಿ ಆದೀತೆಂದು ತನ್ನ ಸ್ವೆಟರ್ ಕಟ್ಟಿದಳು. ಹಾಲವ್ವ ಬನಹಟ್ಟಿಯಿಂದ ಆಚೆ ಪಡುವಣ ಸೀಮೆ ಕಂಡವಳಲ್ಲ. ಅಲ್ಲಿ ಸಮುದ್ರ ಇರುತ್ತದಂತೆ, ಅದು ಎಷ್ಟು ದೊಡ್ಡದು ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ. ನಮ್ಮ ಹೊಳೆಗೆ ಆಚೆ ದಂಡೆ ಇಲ್ಲದಿದ್ದರೆ ಹೇಗೋ ಹಾಗೆ ಇದ್ದೀತು ಎಂದೆ. ಆಕೆ ಹೊಳೆಯ ಕಡೆ ನೋಡಿದಳು. ಮಂಜಿನಲ್ಲಿ ಆಚೆ ದಂಡೆ ಕಾಣುತ್ತಿರಲಿಲ್ಲ.

ಗುರುವಾರ, ಹೊತ್ತು ಹುಟ್ಟುವ ಮೊದಲು, ಹಾಲವ್ವ ರತ್ನಾಗಿರಿಗೆ ಹೋದಳು. ಗಾಡಿ ನಡೆಸಲು ಮಗನನ್ನು ಜೊತೆಗೆ ಕರೆದುಕೊಂಡಿದ್ದಳು.